ಕಿವಿಗೆಟುಕದ ನಾದವೂ ಪಲ್ಪಿಂಗ್ ನೀರೂ

ಅರೇಬಿಕಾ ಕಾಫಿ ಹಣ್ಣಾಗುವ ಕಾಲಕ್ಕೆ ಶಿರಾಡಿ ಘಾಟಿಯ ಮೇಲಣ ಹೆಗ್ಗದ್ದೆಯಿಂದ ಆಲೂರಿನವರೆಗಿನ ತೋಟಗಳಲ್ಲಿ ಸಿಪ್ಪೆ ಸುಲಿಯುವ ಯಂತ್ರಗಳಾದ ಪಲ್ಪರುಗಳಿಗೆ ಬಿಡುವೆಂಬುದಿಲ್ಲ. ಅಂದು ಕೊಯ್ದ ಹಣ್ಣಿನ ಸಿಪ್ಪೆಯನ್ನು ಅಂದೇ ಸುಲಿದು, ಬೀಜಕ್ಕಂಟಿದ ಲೋಳೆಯನ್ನು ತೊಳೆದು, ಒಳಹೊಟ್ಟುಳ್ಳ ಬೀಜವಾದ ಪಾರ್ಚ್‌ಮೆಂಟನ್ನು ಕಣದಲ್ಲಿ ಹರವುವ ಈ ಕ್ರಮವು ಕಾಫಿಗೆ ಕೊಡುವ ಬೆಲೆಯನ್ನೆಲ್ಲ ನೀರಿನಿಂದಲೇ ವಸೂಲು ಮಾಡಿಕೊಳ್ಳುತ್ತದೆ. ಹಣ್ಣಿನ ಸಕ್ಕರೆ ಹುಳಿತು ನೀರು ಆಮ್ಲವಾಗುತ್ತದೆ. ಲೋಳೆಯಲ್ಲಿನ ಪೆಕ್ಟಿನ್ ಗರಣೆಗಟ್ಟಿ ಮೇಲೆ ತೇಲುತ್ತದೆ. ಸುಣ್ಣ ಸುರಿದು ಹುಳಿಯನ್ನು ಮುರಿದೊಡನೆ, ಅದುವರೆಗೆ ಅಡಗಿದ್ದ ಬಣ್ಣ ಹಸುರುಗಪ್ಪಾಗಿ ಎದ್ದು ನಿಲ್ಲುತ್ತದೆ. ಊರ ಚರಂಡಿಯ ನೀರು ಕೊಳೆಯುವಾಗ ಲೀಟರಿಗೆ ಇನ್ನೂರು ಮುನ್ನೂರು ಮಿಲಿಗ್ರಾಂ ಆಮ್ಲಜನಕವನ್ನು ಬೇಡಿದರೆ, ಈ ನೀರು ಸಾವಿರಗಟ್ಟಲೆ ಬೇಡುತ್ತದೆ. ಬೇಸಗೆಗೆ ಬಡವಾಗುವ ಹೇಮಾವತಿ ನದಿಗೆ ಅಷ್ಟನ್ನು ಸಾಲ ಕೊಡುವ ಶಕ್ತಿಯೆಲ್ಲಿಯದು?

ಇಂತಹ ನೀರನ್ನು ಶಬ್ದದಿಂದ ಶುದ್ಧಗೊಳಿಸಬಹುದೆಂದರೆ ಮೊದಲಿಗೆ ಮಂತ್ರವಾದದ ಮಾತೆನಿಸೀತು. ಸೆಕೆಂಡಿಗೆ 20,000ಕ್ಕೂ ಮಿಕ್ಕಿದ ಕಂಪನಗಳುಳ್ಳ ಶ್ರವಣಾತೀತ ನಾದವನ್ನು ನೀರಿನೊಳಗೆ ಹಾಯಿಸಿದಾಗ ಅಲ್ಲಿ ಸೂಕ್ಷ್ಮ ಗುಳ್ಳೆಗಳು ಹುಟ್ಟಿ, ಹಿಗ್ಗಿ, ಥಟ್ಟನೆ ಕುಸಿಯುತ್ತವೆ. ಹಡಗಿನ ಪಂಖಗಳನ್ನು ಕೊರೆಯುತ್ತಿದ್ದ ಇಂತಹ ಕುಸಿತದ ಗಣಿತವನ್ನು ಭೌತವಿಜ್ಞಾನಿ ಲಾರ್ಡ್ ರೇಲಿ 1917ರಲ್ಲಿಯೇ ಬರೆದಿಟ್ಟಿದ್ದನು. ಶ್ರವಣಾತೀತ ನಾದವು ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುತ್ತದೆಂಬುದನ್ನು ಅಮೆರಿಕದ ರಿಚರ್ಡ್ಸ್ ಮತ್ತು ಲೂಮಿಸ್ 1927ರಲ್ಲಿ ತೋರಿಸಿದರು. ಕುಸಿಯುವ ಗುಳ್ಳೆಯೊಳಗೆ ಕ್ಷಣಾರ್ಧಕ್ಕೂ ಕಡಮೆ ಕಾಲ ಸುಮಾರು 5,000 ಡಿಗ್ರಿ ಉಷ್ಣವೂ ನೂರಾರು ವಾಯುಮಂಡಲಗಳ ಒತ್ತಡವೂ ಮೂಡುತ್ತವೆ; ಸುತ್ತಣ ನೀರು ಮಾತ್ರ ತಣ್ಣಗೇ ಇರುತ್ತದೆ. ಆ ಕಾವಿನಲ್ಲಿ ನೀರಿನ ಅಣುವೇ ಒಡೆದು ಹೈಡ್ರಾಕ್ಸಿಲ್ ರ್‍ಯಾಡಿಕಲ್ ಎಂಬ ಮಹಾಕ್ಷುಧಿತವಾದ ಕಣ ಹೊರಬೀಳುತ್ತದೆ. ಬೇಗನೆ ಆವಿಯಾಗುವ ಕ್ಲೋರಿನ್‌ಯುಕ್ತ ದ್ರಾವಕಗಳು ಗುಳ್ಳೆಯೊಳಕ್ಕೇ ಸೇರಿ ಬೇಯುತ್ತವೆ. ನೀರಿನಲ್ಲಿ ಕರಗಿದ ಫೀನಾಲನ್ನೂ ಬಟ್ಟೆಯ ಬಣ್ಣಗಳನ್ನೂ ಹೈಡ್ರಾಕ್ಸಿಲ್ ಕಣ ಗುಳ್ಳೆಯ ಹೊರಗೆ ಅಟ್ಟಿಸಿಕೊಂಡು ಹೋಗಿ ಮುರಿಯುತ್ತದೆ.

ಆದರೆ ಹಸಿದವನಿಗೆ ಆಯ್ಕೆಯ ವಿವೇಕವಿರಲಾರದು. ಪಲ್ಪರಿನಿಂದ ಈಗತಾನೆ ಹೊರಬಂದ ನೀರಿಗೆ ಈ ಉಪಾಯ ಹೂಡಿದರೆ ರ್‍ಯಾಡಿಕಲ್‌ಗಳೆಲ್ಲ ಸಕ್ಕರೆಯ ಮೇಲೆಯೇ ವ್ಯಯವಾಗಿ, ಬಣ್ಣ ಬಣ್ಣವಾಗಿಯೇ ಉಳಿದು, ವಿದ್ಯುತ್ತಿನ ಬಿಲ್ಲು ಮಾತ್ರ ಏರೀತು. ಸಕ್ಕರೆಯನ್ನು ಬ್ಯಾಕ್ಟೀರಿಯಾಗಳು ಪುಕ್ಕಟೆಯಾಗಿ ತಿನ್ನುತ್ತವೆ, ಮೇಲಾಗಿ ಗೋಬರ್ ಗ್ಯಾಸಿನಂತಹುದೇ ಅನಿಲವನ್ನೂ ಕೊಡುತ್ತವೆ. ಆದುದರಿಂದ ಸುಣ್ಣ, ಮುಚ್ಚಿದ ತೊಟ್ಟಿ, ಗಾಳಿಯಾಡುವ ಕೆರೆ, ಇವೆಲ್ಲ ಮುಗಿದ ಬಳಿಕ ಜೀವಾಣುಗಳು ಮುಟ್ಟಲೊಲ್ಲದ ಕಪ್ಪುಬಣ್ಣದ ಶೇಷಕ್ಕೆ ಈ ನಾದವನ್ನು ಕಾದಿರಿಸುವುದೇ ಯುಕ್ತವೆಂದು ನನ್ನ ಮತ. ಅಲ್ಲಿಯೂ ಓಝೋನ್ ಅಥವಾ ಹೈಡ್ರೋಜನ್ ಪೆರಾಕ್ಸೈಡಿನ ಜೊತೆಗೂಡಿಸಿದರೆ ಕೆಲಸ ಬೇಗ ಸಾಗುತ್ತದೆ.

ಪ್ರಯೋಗಶಾಲೆಯ ಬೀಕರಿನಲ್ಲಿ ಗೆದ್ದದ್ದು ತೋಟದ ತೊಟ್ಟಿಯಲ್ಲಿ ಸೋಲುವುದು, ನಾದವು ಉಗಮದಿಂದ ದೂರ ಹೋದಂತೆಲ್ಲ ಕ್ಷೀಣಿಸುವುದರಿಂದ. ಆದರೆ ನಾದವಿಲ್ಲದೆಯೇ, ನೀರನ್ನು ಪಂಪಿನಿಂದ ಕಿರುರಂಧ್ರಗಳ ತಟ್ಟೆಯೊಂದರ ಮೂಲಕ ನೂಕಿದರೂ ಗುಳ್ಳೆಗಳು ಹುಟ್ಟಿ ಕುಸಿಯುತ್ತವೆ. ಕಾವು ಅಷ್ಟು ಉಗ್ರವಲ್ಲದಿದ್ದರೂ ದೊಡ್ಡ ಪ್ರಮಾಣಕ್ಕೆ ಅದೇ ಅಗ್ಗ. ಆದರೂ ತಿಂಗಳೆರಡು ತಿಂಗಳ ಸುಗ್ಗಿಗಾಗಿ ಪ್ರತಿ ಎಸ್ಟೇಟಿನವರೂ ದುಬಾರಿ ಯಂತ್ರವನ್ನು ಕೊಂಡು ಉಳಿದ ಕಾಲವೆಲ್ಲ ತುಕ್ಕುಹಿಡಿಸುವುದಕ್ಕಿಂತ, ಕಡಮೆ ನೀರಿನಲ್ಲಿ ಲೋಳೆ ತೆಗೆಯುವ ಪಲ್ಪರಿಗೆ ಮೊದಲು ಹಣ ಹೂಡುವುದು ಲೇಸು.