ಹ್ಯಾನ್‌ಕಾಕ್ ಸೇತುವೆಯಿಲ್ಲದ ಆರು ವರ್ಷಗಳು

1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಹೊರಟಾಗ ಮುಂಬಯಿಗೆ ವೇಗವು ದೊರೆಯಿತು. ಅದರೊಡನೆ ಊರು ಎರಡು ಹೋಳೂ ಆಯಿತು. ಹಳಿಗಳ ಪಶ್ಚಿಮದ ಡೋಂಗ್ರಿಗೂ ಪೂರ್ವದ ಮಜಗಾಂವಿಗೂ ನಡುವೆ, ಸ್ಯಾಂಡ್‌ಹರ್ಸ್ಟ್ ರೋಡ್ ನಿಲ್ದಾಣದ ಬಳಿ, ವಿಕ್ಟೋರಿಯಾ ರಾಣಿಯ ಕಾಲದ ಆಡಳಿತವು 1879ರಲ್ಲಿ ಹಾಕಿದ ಹೊಲಿಗೆಯೇ ಹ್ಯಾನ್‌ಕಾಕ್ ಸೇತುವೆ. 1923ರಲ್ಲಿ ಪುನರ್ನಿರ್ಮಾಣಗೊಂಡ ಈ ಕಬ್ಬಿಣದ ಸೇತುವೆಯ ಮೇಲೆ ಎತ್ತಿನ ಗಾಡಿಯಿಂದ ಲಾರಿಯವರೆಗೆ ಎಲ್ಲವೂ ಸಾಗಿದವು.

ಅದಕ್ಕೆ ಆಪತ್ತು ಬಂದದ್ದು ಮೇಲಿನ ಭಾರದಿಂದಷ್ಟೇ ಅಲ್ಲ, ಕೆಳಗಿನ ತಂತಿಯಿಂದ. ದಶಕಗಳ ಕಾಲ ಲೋಕಲ್ ರೈಲುಗಳು 1,500 ವೋಲ್ಟಿನ ನೇರ ವಿದ್ಯುತ್ತಿನಿಂದ ಓಡುತ್ತಿದ್ದವು. 2015ರಲ್ಲಿ ಮಧ್ಯ ರೈಲ್ವೆಯು ಈ ಭಾಗದಲ್ಲಿ 25,000 ವೋಲ್ಟಿನ ಪರ್ಯಾಯ ವಿದ್ಯುತ್ತಿಗೆ ಬದಲಾಯಿತು. ಅಷ್ಟು ಪ್ರಬಲವಾದ ವಿದ್ಯುತ್ತು ಗಾಳಿಯನ್ನೇ ದಾಟಿ ಕಬ್ಬಿಣಕ್ಕೆ ನೆಗೆಯಬಲ್ಲದು. ಆದ್ದರಿಂದ ತಂತಿಗೂ ಸೇತುವೆಗೂ ನಡುವೆ ಹೆಚ್ಚಿನ ಅಂತರ ಬೇಕು. ತಗ್ಗಾದ ಹಳೆಯ ಸೇತುವೆಯಲ್ಲಿ ಆ ಅವಕಾಶವಿರಲಿಲ್ಲ. 2016ರ ಜನವರಿಯಲ್ಲಿ ಹದಿನೆಂಟು ಗಂಟೆಗಳ ಕಾಲ ಸಂಚಾರವನ್ನು ತಡೆದು ಅದನ್ನು ಕೆಡವಲಾಯಿತು.

ಕೆಡವಿದ್ದು ತಪ್ಪೆನ್ನಲಾಗದು. ಆದರೆ ಕಾಲ್ನಡಿಗೆಯವರಿಗೆ ಬದಲಿ ಹಾದಿಯನ್ನು ಮೊದಲು ಕಟ್ಟದೆ ಇದ್ದ ಹಾದಿಯನ್ನು ಕಿತ್ತದ್ದು ಅಕ್ಷಮ್ಯ. ಶಾಲೆಯ ಮಕ್ಕಳೂ ಕೂಲಿಯವರೂ ಸುತ್ತುಬಳಸಿ ನಡೆಯಲಾರದೆ ಹಳಿಗಳನ್ನೇ ದಾಟತೊಡಗಿದರು. ನಿಮಿಷಕ್ಕೊಂದು ರೈಲು ಬರುವಂಥ ಆ ಜಾಗದಲ್ಲಿ ಪ್ರಾಣಹಾನಿಯೂ ಆಯಿತು. ಜೆ.ಜೆ. ಆಸ್ಪತ್ರೆಯು ಪಶ್ಚಿಮದ ಮಗ್ಗುಲಲ್ಲಿರುವುದರಿಂದ ಮಜಗಾಂವಿನ ರೋಗಿಗೆ ಹತ್ತಿರದ ದಾರಿ ತಪ್ಪಿತು. ಸೇತುವೆಯ ಲೆಕ್ಕದಲ್ಲಿ ಉಕ್ಕು, ಸಿಮೆಂಟುಗಳನ್ನು ಬರೆಯುವವರು ಇಂಥ ಖರ್ಚನ್ನು ಯಾವ ಕಲಮಿನಲ್ಲಿ ಬರೆಯುತ್ತಾರೋ! ಕಾಲುಸೇತುವೆಯೊಂದು ಬೇಕೆಂದು ಸ್ಥಳೀಯರು ಹೈಕೋರ್ಟಿನ ಮೊರೆಹೋಗಬೇಕಾಯಿತು.

ಮುಂಬಯಿಗೆ ದುಡಿಮೆಯನ್ನರಸಿ ಬಂದ ಕನ್ನಡಿಗರಿಗೆ ಈ ಸಂಕಟ ಅಪರಿಚಿತವಲ್ಲ. ಹೋಟೆಲಿನ ಕೆಲಸ ಮುಗಿಸಿ ರಾತ್ರಿ ಶಾಲೆಗೆ ಓಡುತ್ತಿದ್ದ ತಲೆಮಾರಿಗೆ ಹತ್ತು ನಿಮಿಷದ ಸುತ್ತು ಎಂದರೆ ಒಂದು ಪಾಠದ ನಷ್ಟ.

ಹೊಸ ಸೇತುವೆಯ ಮೊದಲ ಭಾಗ ವಾಹನಗಳಿಗೆ ತೆರೆದದ್ದು 2022ರ ಆಗಸ್ಟಿನಲ್ಲಿ. ಅದೇ ತಿಂಗಳು, ದಕ್ಷಿಣಕ್ಕೆ ಮಸ್ಜಿದ್ ಬಂದರಿನ ಬಳಿಯ ಇನ್ನೊಂದು ಹಳೆಯ ಸೇತುವೆಯಾದ ಕಾರ್ನಾಕ್ ಮೇಲೆ ಸಂಚಾರ ನಿಂತಿತು. ನವೆಂಬರಿನಲ್ಲಿ ಅದನ್ನೂ ಕೆಡವಲಾಯಿತು. ಅದರ ಜಾಗದಲ್ಲಿ ಹೊಸ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ.