ಹೆತ್ತ ಮೇಲೆ ಮೂತ್ರ ಸೋರುವುದು ಹಣೆಬರಹವಲ್ಲ

ರಾಯಚೂರು ಜಿಲ್ಲೆಯ ಸಿಂಧನೂರಿನ ಕಾಲುವೆ ಬಯಲಲ್ಲಿ ಭತ್ತದ ನಾಟಿಗೆ ಬಗ್ಗಿದವರು, ಮಸ್ಕಿ–ಲಿಂಗಸುಗೂರು ಸೀಮೆಯಲ್ಲಿ ಹತ್ತಿ ಬಿಡಿಸುವವರು, ತಲೆಯ ಮೇಲೆ ಕೊಡ ಹೊರುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಹೆರಿಗೆಯಾದ ಕೆಲವೇ ತಿಂಗಳಿಗೆ ಇವರು ಮತ್ತೆ ಕೂಲಿಗೆ ಹೊರಡುತ್ತಾರೆ. ಕೆಮ್ಮಿದರೆ, ತುಂಬಿದ ಕೊಡ ಎತ್ತಿದರೆ ನಾಲ್ಕು ಹನಿ ಮೂತ್ರ ಜಿನುಗುವುದನ್ನಾಗಲಿ, ಸಂಜೆ ಹೊತ್ತಿಗೆ ಕೆಳಗೆ ಏನೋ ಜಾರಿದಂತೆ ಭಾರವಾಗುವುದನ್ನಾಗಲಿ ಗಂಡನಿಗೂ ಹೇಳುವುದಿಲ್ಲ, ಡಾಕ್ಟರಿಗೂ ಹೇಳುವುದಿಲ್ಲ. ಈ ಮೌನವನ್ನು ಕೆಲವು ನಂಬಿಕೆಗಳು ಕಾಯುತ್ತಿವೆ. ಒಂದೊಂದಾಗಿ ನೋಡಿದರೆ, ಕೊರತೆ ಇರುವುದು ಔಷಧಿಯದ್ದಕ್ಕಿಂತ ಹೆಚ್ಚಾಗಿ ಕೇಳಿ, ಪರೀಕ್ಷಿಸಿ, ದಾರಿ ತೋರಿಸುವ ತರಬೇತಿ ಪಡೆದ ಮಿಡ್‌ವೈಫ್‌ಳದ್ದು ಎಂಬುದು ತಿಳಿಯುತ್ತದೆ.

ತಪ್ಪು ಕಲ್ಪನೆ 1: ಹೆತ್ತವರಿಗೆಲ್ಲ ಇದು ಇದ್ದದ್ದೇ, ಸಹಿಸಿಕೊಳ್ಳಬೇಕು

ಸತ್ಯ: ಬಹಳ ಜನರಿಗೆ ಬರುತ್ತದೆ ಎಂಬುದು ನಿಜ. ಹೆರಿಗೆಯ ನಂತರದ ತಿಂಗಳುಗಳಲ್ಲಿ ಮೂವರು ತಾಯಂದಿರಲ್ಲಿ ಸುಮಾರು ಒಬ್ಬರಿಗೆ ಮೂತ್ರ ಸೋರುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಆದರೆ ಬಹಳ ಜನರಿಗೆ ಬಂದ ಮಾತ್ರಕ್ಕೆ ಅದಕ್ಕೆ ಚಿಕಿತ್ಸೆ ಬೇಡವೆಂದಾಗುವುದಿಲ್ಲ. ಗರ್ಭಿಣಿಯರ ರಕ್ತಹೀನತೆಯೂ ಮನೆಮನೆಯ ಮಾತೇ. ಅದಕ್ಕೆ ಐರನ್ ಮಾತ್ರೆ ಕೊಡುತ್ತೇವೆ. ಸೊಂಟದ ಮೂಳೆಗಳ ನಡುವೆ ತಳದಲ್ಲಿ ಸ್ನಾಯುಗಳ ಒಂದು ಹಾಸು ಇದೆ. ಮೂತ್ರಕೋಶ, ಗರ್ಭಚೀಲ, ಗುದನಾಳಗಳನ್ನು ಅದು ಜೋಲಿಯಂತೆ ಹೊತ್ತಿರುತ್ತದೆ. ಹೆರಿಗೆಯಲ್ಲಿ ಅದು ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಹರಿದದ್ದನ್ನು ನಾಲ್ಕು ಹಂತವಾಗಿ ಗುರುತಿಸುತ್ತಾರೆ. ಮೂರು ಮತ್ತು ನಾಲ್ಕನೇ ಹಂತದಲ್ಲಿ ಗುದದ್ವಾರದ ಸ್ನಾಯುವಿಗೂ ಪೆಟ್ಟು ಬಿದ್ದಿರುತ್ತದೆ; ಆಗಲೇ ಗುರುತಿಸಿ ಸರಿಯಾಗಿ ಹೊಲಿಯದಿದ್ದರೆ ಗಾಳಿ, ಮಲವೂ ಹಿಡಿತ ತಪ್ಪಬಹುದು. ಇನ್ನು ಹಗಲೂ ರಾತ್ರಿ ಎಡೆಬಿಡದೆ ಮೂತ್ರ ಸೋರುತ್ತಿದ್ದರೆ ಅದು ಬೇರೆಯೇ. ಬೇನೆ ಬಹಳ ಹೊತ್ತು ಎಳೆದು, ಮಗುವಿನ ತಲೆಯ ಒತ್ತಡಕ್ಕೆ ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು ಬಿದ್ದಿರಬಹುದು. ಈ ಫಿಸ್ಟುಲಾಕ್ಕೆ ವ್ಯಾಯಾಮ ನಾಟದು, ತಡಮಾಡದೆ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು. ಯಾವುದು ಯಾವುದೆಂದು ಬೇರ್ಪಡಿಸಲು ಯಾರಾದರೂ ಕೇಳಬೇಕು, ನೋಡಬೇಕು.

ತಪ್ಪು ಕಲ್ಪನೆ 2: ಹೊಟ್ಟೆ ಬಿಗಿದು ಕಟ್ಟಿ, ನೀರು ಕಡಿಮೆ ಕೊಟ್ಟು ಬಾಣಂತನ ಮಾಡಿದರೆ ಸಾಕು; ಸಿಸೇರಿಯನ್ ಆದವರಿಗಂತೂ ಭಯವೇ ಇಲ್ಲ

ಸತ್ಯ: ಬಾಣಂತನದ ವಿಶ್ರಾಂತಿ, ಆರೈಕೆ ಒಳ್ಳೆಯದೇ. ಆದರೆ ಹೊಟ್ಟೆಗೆ ಕಟ್ಟಿದ ಬಟ್ಟೆ ಬೆನ್ನಿಗೆ ಆಸರೆ ಅನಿಸಬಹುದೇ ಹೊರತು ತಳದ ಸ್ನಾಯುವಿಗೆ ಬಲ ತುಂಬುವುದಿಲ್ಲ. ನೀರು ಕಡಿಮೆಯಾದರೆ ಮಲ ಗಟ್ಟಿಯಾಗುತ್ತದೆ, ಬಾಣಂತಿ ತಿಣುಕಬೇಕಾಗುತ್ತದೆ, ಆ ಒತ್ತಡವೆಲ್ಲ ಇನ್ನೂ ಮಾಯದ ಸ್ನಾಯುವಿನ ಮೇಲೆಯೇ ಬೀಳುತ್ತದೆ. ಸಿಸೇರಿಯನ್‌ನಿಂದ ಸೋರಿಕೆಯ ಅಪಾಯ ತಗ್ಗುತ್ತದೆ, ಪೂರ್ತಿ ತಪ್ಪುವುದಿಲ್ಲ; ಒಂಬತ್ತು ತಿಂಗಳ ಭಾರವನ್ನು ಆ ಸ್ನಾಯುಗಳು ಹೊತ್ತೇ ಇರುತ್ತವೆ. ನಿಜವಾದ ತಡೆ ಶುರುವಾಗುವುದು ಹೆರಿಗೆಗೆ ಮುಂಚೆ. ಸೋರಿಕೆ ಇಲ್ಲದ ಗರ್ಭಿಣಿಯರು ತಳದ ಸ್ನಾಯುಗಳ ವ್ಯಾಯಾಮ ಕಲಿತು ಮಾಡಿದರೆ, ತುಂಬುದಿನಗಳಲ್ಲಿ ಸೋರಿಕೆಯ ಅಪಾಯ ಶೇ 60ರಷ್ಟು ಕಡಿಮೆಯಾಗುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಪರಾಮರ್ಶೆ ಕಂಡುಕೊಂಡಿದೆ. ಹೆರಿಗೆ ಕೋಣೆಯಲ್ಲಿ ಆಗುವುದೂ ಮುಖ್ಯ. ಮಗು ಬೇಗ ಬರಲೆಂದು ಹೊಟ್ಟೆಯನ್ನು ಕೈಯಿಂದ ಒತ್ತುವುದು, ಎಲ್ಲರಿಗೂ ಕೆಳಗೆ ಕತ್ತರಿ ಹಾಕುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಬೆಚ್ಚಗಿನ ಬಟ್ಟೆಯ ಶಾಖ ಕೊಟ್ಟು, ತಲೆ ನಿಧಾನವಾಗಿ ಹೊರಬರುವಂತೆ ನೋಡಿಕೊಳ್ಳುವುದು ಮಿಡ್‌ವೈಫ್‌ಳ ಕೈಚಳಕ.

ತಪ್ಪು ಕಲ್ಪನೆ 3: ಮೊಬೈಲಿನಲ್ಲಿ ನೋಡಿ ವ್ಯಾಯಾಮ ಮಾಡಿದರಾಯಿತು; ಕಡಿಮೆಯಾಗದಿದ್ದರೆ ಗರ್ಭಚೀಲ ತೆಗೆಸಿದರಾಯಿತು

ಸತ್ಯ: ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಹೆತ್ತವರೆಲ್ಲರಿಗೂ ತಡೆಗೆಂದು ಹೊಸದಾಗಿ ಈ ವ್ಯಾಯಾಮ ಶುರು ಮಾಡಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2022ರಲ್ಲಿ ಶಿಫಾರಸು ಮಾಡಿಲ್ಲ, ಹಾಗಾದರೆ ಇದೆಲ್ಲ ಯಾಕೆ? ಎಲ್ಲರಿಗೂ ಒಂದೇ ಪಾಠ ಒಪ್ಪಿಸಿದರೆ ಫಲ ಕಾಣದು ಎಂಬುದೇ ಅದರ ಅರ್ಥ. ಮೂತ್ರ ಸೋರುತ್ತಿರುವವರಿಗೆ ವ್ಯಾಯಾಮದ ಪ್ರಯೋಜನ ತಿಳಿಸಬೇಕೆಂದು ಅದೇ ಶಿಫಾರಸು ಹೇಳುತ್ತದೆ. ಆದರೆ ಮೊಬೈಲಿನಲ್ಲಿ ನೋಡಿ, ಹೊಟ್ಟೆ, ತೊಡೆ ಬಿಗಿಹಿಡಿದು ಅದನ್ನೇ ವ್ಯಾಯಾಮ ಎಂದುಕೊಳ್ಳುವವರಿದ್ದಾರೆ. ಕೆಲವರ ಸ್ನಾಯು ಮೊದಲೇ ಸೆಟೆದುಕೊಂಡಿರುತ್ತದೆ. ಅವರು ಮೊದಲು ಸಡಿಲಿಸುವುದನ್ನು ಕಲಿಯಬೇಕು. ಗಾಳಿ ತಡೆಯುವಾಗ ಹಿಂಡಿದಂತೆ ಸ್ನಾಯುವನ್ನು ಒಳಕ್ಕೂ ಮೇಲಕ್ಕೂ ಎಳೆದು, ಉಸಿರು ಕಟ್ಟದೆ, ಬಳಿಕ ಪೂರ್ತಿ ಬಿಡಬೇಕು. ಸರಿಯಾಯಿತೇ ಎಂಬುದನ್ನು ಬಲ್ಲವರು ಪರೀಕ್ಷಿಸಿ ಹೇಳಬೇಕು. ಗರ್ಭಚೀಲ ತೆಗೆಸುವುದರಿಂದ ಮೂತ್ರದ ಸೋರಿಕೆ ತಾನಾಗಿ ನಿಲ್ಲುವುದಿಲ್ಲ. ತೆಗೆಸಿದ ಮೇಲೆ ಯೋನಿಯ ಮೇಲ್ಭಾಗವೇ ಜಾರಿದ ಉದಾಹರಣೆಗಳಿವೆ. ಜಾರಿದ ಗರ್ಭಚೀಲವನ್ನು ಹಿಡಿದಿಡುವ ಪೆಸ್ಸರಿ ರಿಂಗ್‌ನಂಥ ಸರಳ ಉಪಾಯಗಳೂ ಇವೆ. ಆಪರೇಷನ್ ಬೇಕೇಬೇಕಾದವರು ಇದ್ದಾರೆ. ಅದು ಕೊನೆಯ ಮೆಟ್ಟಿಲಾಗಿರಬೇಕು.

ತಪ್ಪು ಕಲ್ಪನೆ 4: ಮಿಡ್‌ವೈಫ್ ಎಂದರೆ ಸೂಲಗಿತ್ತಿ, ಮಗು ಹುಟ್ಟಿದರೆ ಅವಳ ಕೆಲಸ ಮುಗಿಯಿತು

ಸತ್ಯ: ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಆ ಪರಂಪರೆಯ ಅನುಭವ ದೊಡ್ಡದು. ಅದೇ ವರ್ಷ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಬೇರೆ ಹುದ್ದೆಯ ಮಾತಾಡಿತು: ನರ್ಸಿಂಗ್ ಓದಿದವರಿಗೆ 18 ತಿಂಗಳ ಹೆಚ್ಚುವರಿ ತರಬೇತಿ ಕೊಟ್ಟು ಮಿಡ್‌ವೈಫ್‌ರನ್ನಾಗಿ ಮಾಡುವುದು. ಇಂಗ್ಲೆಂಡಿನಲ್ಲಿ ಮಿಡ್‌ವೈಫ್‌ರಲ್ಲೇ ಕೆಲವರು ಪೆಲ್ವಿಕ್ (ಸೊಂಟದ ತಳಭಾಗದ) ಆರೋಗ್ಯಕ್ಕೆ ವಿಶೇಷ ತರಬೇತಿ ಪಡೆದು ಫಿಸಿಯೋಥೆರಪಿಸ್ಟರ ಜೊತೆ ದುಡಿಯುತ್ತಾರೆ. ಡಾಕ್ಟರೇ ಸಾಲದ ಕಡೆ ಇನ್ನೊಂದು ಹುದ್ದೆ ಯಾಕೆ ಎನ್ನುವವರಿಗೆ ಉತ್ತರ ಅದೇ ಮಾತಿನಲ್ಲಿದೆ. ತಜ್ಞರಿಗಾಗಿ ರಾಯಚೂರಿಗೆ ಹೋಗಿಬರುವುದೆಂದರೆ ಕೈಗೂಸಿನೊಂದಿಗೆ ಒಂದು ದಿನದ ಕೂಲಿ ಬಿಟ್ಟಂತೆ. ತಾಲ್ಲೂಕು ಆಸ್ಪತ್ರೆಯಲ್ಲೇ ಬಲ್ಲವರೊಬ್ಬರು ಇದ್ದರೆ ಅಲ್ಲಿಯೇ ಗುಣವಾಗುವವರಿಗೆ ಈ ಓಡಾಟ ಉಳಿದು, ನಿಜಕ್ಕೂ ಬೇಕಾದವರಷ್ಟೇ ತಜ್ಞರ ಬಳಿ ಹೋಗುತ್ತಾರೆ. ಆಶಾ ಕಾರ್ಯಕರ್ತೆ ಇದ್ದಾಳಲ್ಲ ಎನ್ನಬಹುದು. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ 3ನೇ ದಿನದಿಂದ 42ನೇ ದಿನದೊಳಗೆ ಅವಳು ಆರು ಸಲ ಬರುತ್ತಾಳೆ, ಮುಖ್ಯವಾಗಿ ಕೂಸಿಗಾಗಿ. ಪರೀಕ್ಷೆ ಅವಳ ಕೆಲಸವಲ್ಲ, ಆದರೆ ಪ್ರಶ್ನೆ ಕೇಳಬಲ್ಲಳು. ಕೇಳಿದ ಮೇಲೆ ಕಳಿಸಲು ಒಂದು ಜಾಗ ಬೇಕು.

ಕೇಂದ್ರ ಸರ್ಕಾರ ರಾಯಚೂರನ್ನು ಅಭಿವೃದ್ಧಿಗೆ ಆದ್ಯತೆ ಬೇಕಾದ “ಮಹತ್ವಾಕಾಂಕ್ಷಿ ಜಿಲ್ಲೆ” ಎಂದು ಗುರುತಿಸಿದಾಗ ಆಸ್ಪತ್ರೆ ಹೆರಿಗೆಯ ಪ್ರಮಾಣವನ್ನೂ ಒಂದು ಅಳತೆಗೋಲಾಗಿ ಇಟ್ಟುಕೊಂಡಿತು. ಆ ಲೆಕ್ಕ ಬೇಕು, ಆದರೆ ಅದು ಹೆರಿಗೆ ಕೋಣೆಯ ಬಾಗಿಲಲ್ಲೇ ನಿಲ್ಲುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ತಾಲ್ಲೂಕಿನ ಆಸ್ಪತ್ರೆಗಳಿಗೆ ತರಬೇತಿ ಪಡೆದ ಒಬ್ಬೊಬ್ಬ ಮಿಡ್‌ವೈಫ್, ಗರ್ಭಿಣಿಗೆ ತೂಕ, ಬಿಪಿ ನೋಡುವಾಗಲೇ ಒಂದು ವ್ಯಾಯಾಮದ ಪಾಠ, ಆರನೇ ವಾರ ತಾಯಿಗೆ “ಮೂತ್ರ ಸೋರುತ್ತದೆಯೇ, ಕೆಳಗೆ ಭಾರವೆನಿಸುತ್ತದೆಯೇ” ಎಂಬ ಎರಡು ಪ್ರಶ್ನೆ: ಇಷ್ಟರಿಂದ ಶುರು ಮಾಡಬಹುದು. ಅಲ್ಲಿಯವರೆಗೆ, ಈ ತೊಂದರೆ ಇರುವವರು ಹೆರಿಗೆ ನಂತರದ ತಪಾಸಣೆಗೆ ಹೋದಾಗ ತಾವಾಗಿಯೇ ಬಾಯಿಬಿಟ್ಟು ಹೇಳಬೇಕು.