‘ಸೈಕೋ’ ಎನ್ನುವ ಮುನ್ನ

ಯಾರಾದರೂ ಸ್ವಲ್ಪ ಒರಟಾಗಿ ನಡೆದುಕೊಂಡರೆ ಸಾಕು, ನಮ್ಮ ತರಗತಿಗಳಲ್ಲಿ ಅವರಿಗೆ ‘ಸೈಕೋ’ ಎಂಬ ಹೆಸರು ಬಿದ್ದುಬಿಡುತ್ತದೆ. ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ಇಂಥವರನ್ನು ‘ಸಂಗ್‌ದಿಲ್’ ಎನ್ನುತ್ತಾರೆ. ಅಂದರೆ ಕಲ್ಲು ಹೃದಯದವರು. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ಜೀವಶಾಸ್ತ್ರ ನನ್ನ ವಿಷಯವಲ್ಲ. ಆದರೂ ಈ ಬಗ್ಗೆ ಓದಿ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಇತರರ ನೋವಿಗೆ ಕರಗದಿರುವುದು, ತಪ್ಪು ಮಾಡಿದರೂ ಪಶ್ಚಾತ್ತಾಪ ಪಡದಿರುವುದು ಸೈಕೋಪಥಿಯ ಮುಖ್ಯ ಲಕ್ಷಣಗಳು. ಕೆಲವು ಹದಿಹರೆಯದವರಲ್ಲಿ ಇವು ಗಂಭೀರ ವರ್ತನೆಯ ಸಮಸ್ಯೆಗಳ ಜೊತೆ ಕಾಣಿಸುತ್ತವೆ. ಹಾಗೆಂದು ಅವರೆಲ್ಲ ಸೈಕೋಪಾತ್‌ಗಳಲ್ಲ. ವೈದ್ಯರು ಸಾಮಾನ್ಯವಾಗಿ 18 ವರ್ಷದೊಳಗಿನವರಿಗೆ ಆ ಹಣೆಪಟ್ಟಿ ಹಚ್ಚುವುದಿಲ್ಲ.

ನಮ್ಮ ಮೆದುಳಿನ ಒಳಗೆ ಬಾದಾಮಿ ಆಕಾರದ ‘ಅಮಿಗ್ಡಲ’ ಎಂಬ ಭಾಗವಿದೆ. ಎದುರಿಗಿರುವವರ ಮುಖದಲ್ಲಿ ಭಯ ಕಂಡಾಗ ಅದು ಚುರುಕಾಗುತ್ತದೆ. ಈ ಲಕ್ಷಣಗಳಿರುವ ಮಕ್ಕಳಲ್ಲಿ ಅದರ ಪ್ರತಿಕ್ರಿಯೆ ಕಡಿಮೆ ಎಂದು ಸ್ಕ್ಯಾನ್‌ಗಳು ತೋರಿಸಿವೆ. ಇದಕ್ಕೆ ಎರಡು ಕಾರಣ ಇರಬಹುದಿತ್ತು. ಒಂದು, ಅವರ ಗಮನವೆಲ್ಲ ಮಾಡುತ್ತಿರುವ ಕೆಲಸದಲ್ಲೇ ನೆಟ್ಟು, ಮುಖದತ್ತ ಹೋಗದಿರುವುದು. ಇನ್ನೊಂದು, ಅಮಿಗ್ಡಲದ ಪ್ರತಿಕ್ರಿಯೆಯೇ ದುರ್ಬಲವಾಗಿರುವುದು.

ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. 10ರಿಂದ 17 ವರ್ಷದವರಿಗೆ ಭಯಗೊಂಡ ಮುಖಗಳನ್ನು ತೋರಿಸುತ್ತ, ಒಮ್ಮೆ ಸುಲಭದ, ಒಮ್ಮೆ ಹೆಚ್ಚು ಗಮನ ಬೇಡುವ ಕೆಲಸ ಕೊಟ್ಟರು. ಕೆಲಸ ಸುಲಭವಿದ್ದಾಗಲೂ ಈ ಲಕ್ಷಣಗಳಿದ್ದವರ ಅಮಿಗ್ಡಲ ಮಂದವಾಗಿತ್ತು. ಗಮನವನ್ನು ನಿಯಂತ್ರಿಸುವ ಭಾಗಗಳು ಅತಿಯಾಗಿ ದುಡಿಯುತ್ತಿರಲಿಲ್ಲ. ಅಂದರೆ ಎರಡನೆಯ ಕಾರಣಕ್ಕೇ ಬಲ ಬಂತು.

ಹಾಗಾದರೆ ಏನೂ ಮಾಡಲಾಗದೇ? ಇಲ್ಲಿ ಆಸ್ಟ್ರೇಲಿಯಾದ ಮಾರ್ಕ್ ಡ್ಯಾಡ್ಸ್ ಮತ್ತು ಸಂಗಡಿಗರ 2006ರ ಅಧ್ಯಯನ ನೆನಪಾಗುತ್ತದೆ. ಇಂಥ ಹುಡುಗರು ಚಿತ್ರಗಳಲ್ಲಿನ ಭಯವನ್ನು ಗುರುತಿಸುವುದರಲ್ಲಿ ಹಿಂದಿದ್ದರು. ‘ಕಣ್ಣುಗಳನ್ನು ನೋಡಿ’ ಎಂದು ಹೇಳಿದಾಗ ಮಾತ್ರ ಉಳಿದವರಂತೆಯೇ ಗುರುತಿಸಿದರು. ಭಯ ಹೆಚ್ಚಾಗಿ ಕಾಣುವುದು ಕಣ್ಣಿನಲ್ಲೇ. ನಮ್ಮ ನೋಟವನ್ನು ಅತ್ತ ಸೆಳೆಯುವುದರಲ್ಲೂ ಅಮಿಗ್ಡಲದ ಪಾತ್ರವಿದೆ. ಒಂದು ಮಾತಿನಿಂದ ಸ್ವಭಾವ ಬದಲಾಗದು, ನಿಜ. ಆದರೆ ಗಮನವನ್ನು ತಿರುಗಿಸಬಹುದು ಎಂಬುದು ಸಣ್ಣ ವಿಷಯವಲ್ಲ.

ಇದು ಯಾರ ತಪ್ಪಿಗೂ ನೆಪವಲ್ಲ. ಯಾರಾದರೂ ಹೊಡೆದರೆ, ಹಿಂಸಿಸಿದರೆ ಉಪನ್ಯಾಸಕರಿಗೆ ಹೇಳಲೇಬೇಕು. ಆದರೆ ‘ಸೈಕೋ’ ಎಂದು ಕರೆದು ದೂರವಿಟ್ಟರೆ ಅವನೊಂದಿಗೆ ಮಾತಾಡುವವರೇ ಇರುವುದಿಲ್ಲ. ಎದುರು ಕುಳಿತು ಮಾತಾಡುವವರೇ ಇಲ್ಲದಿದ್ದರೆ, ಇನ್ನೊಬ್ಬರ ಕಣ್ಣಲ್ಲಿನ ಭಯವನ್ನು ಅವನು ಯಾರಿಂದ ಕಲಿಯಬೇಕು?